ಅಮಿಯೊಡರೋನ್ ಕೈಕೊಟ್ಟ ರಾತ್ರಿ: ಒಂದು ಪ್ರಕರಣ ಅಧ್ಯಯನ

ಅಮಿಯೊಡರೋನ್ ಹೃದಯದ ಕೆಟ್ಟ ಲಯವನ್ನು ಹತೋಟಿಗೆ ತರುವ ಔಷಧ. ಅಡ್ರಿನಾಲಿನ್ ಎದುರು ಅದು ಸೋತ ಒಂದು ರಾತ್ರಿಯ ಪ್ರಕರಣ ಇದು. ರೋಗಿಯ ವಯಸ್ಸು, ಊರು, ಮನೆಯವರ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಔಷಧಗಳು, ಅವುಗಳ ಪ್ರಮಾಣ, ಒಂದಾದ ಮೇಲೊಂದು ನಡೆದ ಕ್ರಮ, ಇವು ಇದ್ದ ಹಾಗೇ ಇವೆ. ಜಿಲ್ಲಾ ಮಟ್ಟದ ಐಸಿಯುಗಳಲ್ಲಿ ರಾತ್ರಿ ಪಾಳಿ ಮಾಡುವ ಕಿರಿಯ ವೈದ್ಯರು, ಸಿಸ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ವೈದ್ಯರಲ್ಲದವರಿಗೂ ಅರ್ಥವಾಗಲಿ ಎಂದು ಅಲ್ಲಲ್ಲಿ ಬಿಡಿಸಿ ಹೇಳಿದ್ದೇನೆ.

ಹಿನ್ನೆಲೆ

ಮಲೆನಾಡಿನ ಅಡಿಕೆ ಬೆಳೆಗಾರರು, ಅರವತ್ತರ ಹತ್ತಿರದ ವಯಸ್ಸು. ನಾಲ್ಕು ವರ್ಷದ ಹಿಂದೆ ಹೃದಯಾಘಾತವಾದಾಗ ಆಸ್ಪತ್ರೆ ಮುಟ್ಟುವುದು ತಡವಾಗಿತ್ತು. ರಕ್ತನಾಳ ತೆರೆದರೂ ಹೃದಯದ ಎಡ ಕೆಳಕೋಣೆಯ ಮುಂಭಾಗದಲ್ಲಿ ದೊಡ್ಡ ಕಲೆ ಉಳಿದುಹೋಯಿತು. ಪಂಪ್ ಮಾಡುವ ಶಕ್ತಿ, ಅಂದರೆ ಇಜೆಕ್ಷನ್ ಫ್ರಾಕ್ಷನ್, ಶೇಕಡಾ 30. ಇಂಥ ಕಲೆಯ ಅಂಚಿನಲ್ಲಿ ಸತ್ತ ಸ್ನಾಯುವಿನ ನಡುವೆ ಅಲ್ಲಲ್ಲಿ ಬದುಕುಳಿದ ಎಳೆಗಳಿರುತ್ತವೆ. ವಿದ್ಯುತ್ತು ಆ ಎಳೆಗಳೊಳಗೆ ನಿಧಾನವಾಗಿ ಹರಿದು ಸುತ್ತು ಹಾಕತೊಡಗಿದರೆ ಕೆಳಕೋಣೆ ಅಪಾಯಕಾರಿ ವೇಗದಲ್ಲಿ ಬಡಿಯುತ್ತದೆ, ಅದೇ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ. ನಾವು ವಿಟಿ ಅನ್ನುತ್ತೇವೆ. ಆ ಅಪಾಯಕ್ಕೆಂದೇ ಎರಡು ವರ್ಷದ ಹಿಂದೆ ಎಡ ಎದೆಯ ಚರ್ಮದಡಿ ಐಸಿಡಿ ಎಂಬ ಸಣ್ಣ ಸಾಧನ ಕೂರಿಸಿದ್ದರು. ಲಯ ಕೆಟ್ಟರೆ ಅದು ಮೊದಲು ವೇಗವಾಗಿ ಪೇಸ್ ಮಾಡಿ ನೋಡುತ್ತದೆ, ಆಗದಿದ್ದರೆ ಶಾಕ್ ಕೊಡುತ್ತದೆ.

ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳಲ್ಲಿ ಮೆಟೊಪ್ರೊಲಾಲ್ ಒಂದು. ಅದು ಬೀಟಾ ಬ್ಲಾಕರ್, ಅಂದರೆ ಹೃದಯದ ಮೇಲೆ ಅಡ್ರಿನಾಲಿನ್ ಪ್ರಭಾವವನ್ನು ತಡೆಯುವ ಔಷಧ. ಎರಡು ವರ್ಷದಲ್ಲಿ ಐಸಿಡಿ ಒಂದು ಸಲವೂ ಶಾಕ್ ಕೊಟ್ಟಿರಲಿಲ್ಲ.

ಮಳೆಗಾಲದಲ್ಲಿ ಕೆಮ್ಮು, ದಮ್ಮು ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಎದೆಯಲ್ಲಿ ಸಿಳ್ಳೆಯಂಥ ಸದ್ದು ಕೇಳಿತು. ಬೀಟಾ ಬ್ಲಾಕರ್‌ನಿಂದ ದಮ್ಮು ಹೆಚ್ಚಾಗಬಹುದೆಂದು ಮೆಟೊಪ್ರೊಲಾಲ್ ನಿಲ್ಲಿಸಿ, ಉಸಿರುನಾಳ ಸಡಿಲಿಸುವ ಸಾಲ್ಬುಟಮಾಲ್ 4 ಮಿಗ್ರಾಂ ದಿನಕ್ಕೆ ಮೂರು ಸಲ, ಜೊತೆಗೆ ಅದೇ ಉದ್ದೇಶದ ಥಿಯೋಫಿಲಿನ್ ಇರುವ ಮಾತ್ರೆ ಬರೆದುಕೊಟ್ಟರು. ಆ ವೈದ್ಯರನ್ನು ದೂರಲು ನನಗೆ ಮನಸ್ಸಿಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತು ರೋಗಿಗಳನ್ನು ನೋಡುವ ಜಾಗದಲ್ಲಿ ಸಿಳ್ಳೆ ಕೇಳಿದರೆ ಆಸ್ತಮಾ ಅನ್ನಿಸುವುದು ಸಹಜ. ಆದರೆ ಆ ಸಿಳ್ಳೆ ಬರುತ್ತಿದ್ದುದು ಶ್ವಾಸಕೋಶದಲ್ಲಿ ಕಟ್ಟಿಕೊಂಡಿದ್ದ ನೀರಿನಿಂದ. ಸೋತ ಹೃದಯದ ದಮ್ಮು ಅದು.

ಒಂದೇ ಚೀಟಿಯಿಂದ ಅವರ ಹೃದಯದಲ್ಲಿ ಏನೇನಾಯಿತು ನೋಡಿ. ಎರಡು ವರ್ಷದಿಂದ ಅಡ್ರಿನಾಲಿನ್‌ಗೆ ಅಡ್ಡ ನಿಂತಿದ್ದ ಬೀಟಾ ಬ್ಲಾಕರ್ ಥಟ್ಟನೆ ಹೋಯಿತು. ಇಷ್ಟು ದಿನ ತಡೆ ಇದ್ದುದರಿಂದ ಕೋಶಗಳು ಅಡ್ರಿನಾಲಿನ್ ಬಂದು ಕೂರುವ ಬೀಟಾ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿದ್ದವು. ತಡೆ ಹೋದಾಗ ಅವೆಲ್ಲ ಒಮ್ಮೆಗೇ ಬಾಯಿ ತೆರೆದವು. ಅದರ ಮೇಲೆ ಸಾಲ್ಬುಟಮಾಲ್ ಬಂತು. ಅದು ಅಡ್ರಿನಾಲಿನ್ನಿನ ತಮ್ಮನೇ. ಬೀಟಾ ಗ್ರಾಹಕವನ್ನು ತಟ್ಟಿ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸುತ್ತದೆ. ಥಿಯೋಫಿಲಿನ್ ಆ ಸಂದೇಶವಾಹಕ ಬೇಗ ಕರಗದಂತೆ ತಡೆಯುತ್ತದೆ. ಸಾಲದ್ದಕ್ಕೆ ಸಾಲ್ಬುಟಮಾಲ್ ರಕ್ತದ ಪೊಟ್ಯಾಸಿಯಂ ಅನ್ನು ಕೋಶಗಳೊಳಗೆ ತಳ್ಳುತ್ತದೆ. ಮೂತ್ರ ಹೆಚ್ಚಿಸುವ ಫ್ಯುರೊಸೆಮೈಡ್ ಮಾತ್ರೆಯಿಂದ ಪೊಟ್ಯಾಸಿಯಂ ಮೊದಲೇ ಸೋರಿಹೋಗುತ್ತಿತ್ತು. ರಕ್ತದಲ್ಲಿ ಅದು ಕಡಿಮೆಯಾದರೆ ಲಯ ಕೆಡುವುದು ಸುಲಭ.

ಒಂಬತ್ತನೇ ದಿನ ಸಂಜೆ ಮೊದಲ ಶಾಕ್.

ಬಂದಾಗ

ರಾತ್ರಿ ಏಳೂವರೆಗೆ ಜೀಪಿನಲ್ಲಿ ಕರೆತಂದರು. ಮನೆಯಲ್ಲಿ ಎರಡು, ದಾರಿಯಲ್ಲಿ ನಾಲ್ಕು ಶಾಕ್ ಆಗಿದ್ದವು. "ಡಾಕ್ಟ್ರೇ, ಒಳಗಿಂದ ಎಮ್ಮೆ ಒದ್ದಂಗಾಗ್ತದೆ. ಯಾವಾಗ ಒದೀತದೆ ಅಂತ ಗೊತ್ತಾಗಲ್ಲ, ಅದೇ ಹೆದರಿಕೆ," ಅಂದರು. ಮಾತನಾಡುವಾಗಲೂ ಕೈ ಮಂಚದ ಕಂಬಿಯನ್ನು ಬಿಟ್ಟಿರಲಿಲ್ಲ.

ಇಪ್ಪತ್ನಾಲ್ಕು ಗಂಟೆಯೊಳಗೆ ಮೂರು ಅಥವಾ ಹೆಚ್ಚು ಸಲ ಬೇರೆಬೇರೆಯಾಗಿ ವಿಟಿ ಬಂದರೆ ಅದನ್ನು ಎಲೆಕ್ಟ್ರಿಕಲ್ ಸ್ಟಾರ್ಮ್ ಅನ್ನುತ್ತೇವೆ, ವಿದ್ಯುತ್ತಿನ ಬಿರುಗಾಳಿ. ಇವರದು ಆ ಲೆಕ್ಕವನ್ನು ಆಗಲೇ ದಾಟಿತ್ತು. ವಿಟಿ ಬಂದಾಗ ವೇಗ ನಿಮಿಷಕ್ಕೆ 168, ಬಿಪಿ 94/60. ವಿಟಿ ಇಲ್ಲದಾಗಿನ ಇಸಿಜಿಯಲ್ಲಿ ಹೊಸ ಹೃದಯಾಘಾತದ ಚಿಹ್ನೆ ಇರಲಿಲ್ಲ. ಪೊಟ್ಯಾಸಿಯಂ 3.2, ಇರಬೇಕಾದ್ದಕ್ಕಿಂತ ಕಡಿಮೆ.

ನಾವು ಪುಸ್ತಕದಲ್ಲಿದ್ದುದನ್ನು ಮಾಡಿದೆವು. ಅಮಿಯೊಡರೋನ್ 150 ಮಿಗ್ರಾಂ ಹತ್ತು ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ 1 ಮಿಗ್ರಾಂನಂತೆ ಔಷಧ ಹರಿಸುವ ಪಂಪಿನಲ್ಲಿ. ಮೆಗ್ನೀಸಿಯಂ 2 ಗ್ರಾಂ. ಪೊಟ್ಯಾಸಿಯಂ ಡ್ರಿಪ್. ಒಂಬತ್ತು ಗಂಟೆಯೊಳಗೆ ಮತ್ತೆ ಎರಡು ಶಾಕ್ ಆದವು. ಅಮಿಯೊಡರೋನ್ ಇನ್ನೊಂದು 150 ಕೊಟ್ಟೆವು. ಆಮೇಲೆ ಲಯದ ಇನ್ನೊಂದು ಔಷಧ, ಲಿಗ್ನೊಕೇನ್. ಇಪ್ಪತ್ತು ನಿಮಿಷ ಸುಮ್ಮನಿದ್ದು ಮತ್ತೆ ಶಾಕ್.

ಹತ್ತೂಕಾಲಕ್ಕೆ ಬಿಪಿ 82ಕ್ಕೆ ಇಳಿಯಿತು. ಇಜೆಕ್ಷನ್ ಫ್ರಾಕ್ಷನ್ 30 ಇರುವವರ ಬಿಪಿ ಬಿದ್ದರೆ ಕೈ ತಾನಾಗಿ ಹೃದಯದ ಬಡಿತಕ್ಕೆ ಬಲ ಕೊಡುವ ಡೊಬುಟಮಿನ್ ಕಡೆ ಹೋಗುತ್ತದೆ. ನನ್ನ ಕೈಯೂ ಹೋಯಿತು. ಕೆಜಿಗೆ ನಿಮಿಷಕ್ಕೆ 5 ಮೈಕ್ರೊಗ್ರಾಂ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಅಳುಕಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಇದೇ ತಪ್ಪನ್ನು ಇದೇ ಹೊತ್ತಿನಲ್ಲಿ ಇನ್ನೊಬ್ಬರು ಮಾಡುವ ಸಾಧ್ಯತೆ ತುಂಬಾ ಇದೆ. ಡೊಬುಟಮಿನ್ ಕೂಡ ಬೀಟಾ ಗ್ರಾಹಕವನ್ನೇ ತಟ್ಟುವ ಔಷಧ. ಬಿಪಿ 96ಕ್ಕೆ ಏರಿತು, ಸಮಾಧಾನವಾಯಿತು. ಇಪ್ಪತ್ತೈದು ನಿಮಿಷಕ್ಕೆ ವಿಟಿ ಬಂತು, ಈ ಸಲ 196 ವೇಗದಲ್ಲಿ. ಮುಂದಿನ ಒಂದು ಗಂಟೆಯಲ್ಲಿ ಐದು ಶಾಕ್.

ಸಿಸ್ಟರ್ ತೋರಿಸಿದ ಗೆರೆ

ಆ ಹೊತ್ತಿಗೆ ನಮ್ಮ ಮಾತೆಲ್ಲ "ಅಮಿಯೊಡರೋನ್ ಕೆಲಸ ಮಾಡ್ತಿಲ್ಲ, ಮುಂದೇನು" ಎಂಬುದರ ಸುತ್ತಲೇ ಇತ್ತು. ಇನ್ನೊಂದು ಬೋಲಸ್, ಅಂದರೆ ಒಮ್ಮೆಗೇ ಕೊಡುವ ಪ್ರಮಾಣ, ಕೊಡೋಣವೇ, ಬೇರೆ ಔಷಧ ಹುಡುಕೋಣವೇ ಎಂದು ಚರ್ಚಿಸುತ್ತಿದ್ದೆವು.

ಪಾಳಿಯಲ್ಲಿದ್ದ ಸಿಸ್ಟರ್ ಮಾನಿಟರಿನ ಟ್ರೆಂಡ್ ಪುಟ ತೆಗೆದು ಕರೆದರು. "ಸರ್, ಇಲ್ಲಿ ನೋಡಿ. ಪ್ರತಿ ಸಲ ಮೊದಲು ರೇಟ್ ಏರ್ತದೆ, ಆಮೇಲೆ ವಿಟಿ ಬರ್ತದೆ. ಪಕ್ಕದ ಬೆಡ್ಡಿನ ಅಲಾರಂ ಹೊಡೆದ್ರೂ ಇವರ ರೇಟ್ ಏರ್ತದೆ." ಗೆರೆ ಸ್ಪಷ್ಟವಾಗಿತ್ತು. ಸಾಮಾನ್ಯ ಲಯ 90ರ ಆಸುಪಾಸಿನಲ್ಲಿ ಇರುವುದು, ಎರಡು ಮೂರು ನಿಮಿಷದಲ್ಲಿ 115, 120 ಮುಟ್ಟುವುದು, ಅಲ್ಲಿಂದ ವಿಟಿ. ರೋಗಿಯ ಕಣ್ಣು ಮಾನಿಟರ್ ಮೇಲೇ ನೆಟ್ಟಿತ್ತು. ಅಂಕಿ ಏರುವುದನ್ನು ಅವರೂ ನೋಡುತ್ತಿದ್ದರು. ನೋಡಿದಷ್ಟೂ ಹೆದರಿಕೆ, ಹೆದರಿದಷ್ಟೂ ಅಂಕಿ. ಶಾಕ್ ಆದ ಮೇಲಿನ ನೋವು ಮುಂದಿನ ಸುತ್ತಿಗೆ ಇನ್ನಷ್ಟು ಅಡ್ರಿನಾಲಿನ್ ಸುರಿಯುತ್ತಿತ್ತು.

ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಬೆಂಗಳೂರಿನಲ್ಲಿರುವ ಹೃದಯಲಯ ತಜ್ಞರಿಗೆ ಫೋನ್ ಮಾಡಿದೆ. ಕೇಸು ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ ಮೊದಲ ಪ್ರಶ್ನೆ ಅಮಿಯೊಡರೋನ್ ಬಗ್ಗೆ ಆಗಿರಲಿಲ್ಲ. "ಪಂಪಿನಲ್ಲಿ ಇನ್ನೇನು ಓಡ್ತಿದೆ? ಮನೆಯಲ್ಲಿ ಏನು ತಗೊಳ್ತಿದ್ರು?" ಎಂದರು. ಹೆಂಡತಿಯ ಕೈಚೀಲದಲ್ಲಿದ್ದ ಮಾತ್ರೆಗಳ ಸ್ಟ್ರಿಪ್ ಅನ್ನು ನಾನು ಆಗ ಸರಿಯಾಗಿ ಓದಿದ್ದು. ನಾಲ್ಕೂವರೆ ಗಂಟೆ ತಡವಾಗಿ.

ಔಷಧ ಸೋತಿದ್ದು ಹೇಗೆ

ಪ್ರತಿ ಬಡಿತಕ್ಕೂ ಹೃದಯದ ಕೋಶ ವಿದ್ಯುತ್ ತುಂಬಿಕೊಂಡು ಮತ್ತೆ ಬರಿದಾಗುತ್ತದೆ. ಪೂರ್ತಿ ಬರಿದಾಗುವವರೆಗೆ ಇನ್ನೊಂದು ಬಡಿತಕ್ಕೆ ಅದು ಓಗೊಡುವುದಿಲ್ಲ. ಲಯದ ಔಷಧಗಳಲ್ಲಿ ಒಂದು ದೊಡ್ಡ ಗುಂಪು ಈ ಬಿಡುವಿನ ಅವಧಿಯನ್ನೇ ಹಿಗ್ಗಿಸುತ್ತದೆ. ಸುತ್ತು ಹೊಡೆಯುತ್ತಿರುವ ವಿದ್ಯುತ್ತಿಗೆ ಮುಂದೆ ಇನ್ನೂ ಬಿಡುವಿನಲ್ಲಿರುವ ಸ್ನಾಯು ಎದುರಾದರೆ ಸುತ್ತು ಅಲ್ಲೇ ಕಡಿದುಹೋಗುತ್ತದೆ.

ಕೋಶ ಬರಿದಾಗುವುದು ಮುಖ್ಯವಾಗಿ ಪೊಟ್ಯಾಸಿಯಂ ಹೊರಗೆ ಹರಿಯುವುದರಿಂದ. ಕೆರೆಗೆ ಎರಡು ತೂಬು ಇದ್ದಂತೆ ಇದಕ್ಕೆ ಎರಡು ದಾರಿ: ಬೇಗ ತೆರೆಯುವುದು ಒಂದು, ನಿಧಾನಕ್ಕೆ ತೆರೆಯುವುದು ಇನ್ನೊಂದು. ಸೋಟಾಲಾಲ್, ಡೊಫೆಟಿಲೈಡ್‌ನಂಥವು ಮೊದಲ ತೂಬನ್ನು ಮುಚ್ಚುತ್ತವೆ. ಅಡ್ರಿನಾಲಿನ್ ಎರಡನೆಯದನ್ನು ಅಗಲವಾಗಿ ತೆರೆಯುತ್ತದೆ. ಔಷಧ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ರಕ್ತದಲ್ಲಿ ಅದರ ಮಟ್ಟವೂ ಸರಿಯಿರುತ್ತದೆ, ಆದರೆ ನೀರು ಇನ್ನೊಂದು ಕಡೆಯಿಂದ ಹೋಗಿಯಾಗಿರುತ್ತದೆ. ಮೇಲಾಗಿ ಈ ಔಷಧಗಳ ಪರಿಣಾಮ ಬಡಿತ ನಿಧಾನ ಇದ್ದಾಗ ಹೆಚ್ಚು, ವೇಗವಾದಾಗ ಕಡಿಮೆ. ಬೇಕಾದಾಗಲೇ ಕೈಗೆ ಸಿಗದ ನೆಂಟರ ಹಾಗೆ. ಸೋಡಿಯಂ ದಾರಿಯನ್ನು ತಡೆಯುವ ಕ್ವಿನಿಡಿನ್‌ನಂಥ ಹಳೆಯ ಔಷಧಗಳ ಕತೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1988ರಲ್ಲಿ ಅಮೆರಿಕದ ಸಂಶೋಧಕರು ವಿಟಿ ರೋಗಿಗಳಿಗೆ ಕ್ವಿನಿಡಿನ್ ಕೊಟ್ಟು, ಅದರ ಮೇಲೆ ಅಡ್ರಿನಾಲಿನ್ ಡ್ರಿಪ್ ಹಾಕಿ ಪರೀಕ್ಷಿಸಿದಾಗ, ಕ್ವಿನಿಡಿನ್ ಹಿಗ್ಗಿಸಿದ್ದ ಬಿಡುವಿನ ಅವಧಿ ಮತ್ತೆ ಕುಗ್ಗಿತು. ಮಲಗಿಸಿ, ಶಾಂತವಾಗಿಸಿ ಪರೀಕ್ಷೆ ಮಾಡಿದಾಗ ಗೆದ್ದ ಔಷಧ ಮೆಟ್ಟಿಲು ಹತ್ತುವಾಗ, ಜಗಳದ ನಡುವೆ, ಹೆದರಿಕೆಯಲ್ಲಿ ಸೋಲಬಹುದು.

ಇದು ವಿಟಿಗೆ ಮಾತ್ರ ಸೀಮಿತವಲ್ಲ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲ್ಕೋಣೆಗಳ ಲಯ ಕೆಟ್ಟಿರುವವರಿಗೆ ನಾಡಿಯ ವೇಗ ಇಳಿಸಲು ಡಿಗಾಕ್ಸಿನ್ ಒಂದನ್ನೇ ಕೊಟ್ಟರೆ ಹೊರರೋಗಿ ವಿಭಾಗದ ಕುರ್ಚಿಯಲ್ಲಿ ನಾಡಿ 76 ಇರುತ್ತದೆ. ಅದೇ ವ್ಯಕ್ತಿ ಬಸ್ಸಿಗೆ ನಾಲ್ಕು ಹೆಜ್ಜೆ ಓಡಿದರೆ 150. ಡಿಗಾಕ್ಸಿನ್ ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಮೂಲಕ ಕೆಲಸ ಮಾಡುತ್ತದೆ, ಓಡುವಾಗ ಆ ನರ ಹಿಂದೆ ಸರಿಯುತ್ತದೆ.

ಹಾಗಾದರೆ ಅಮಿಯೊಡರೋನ್? ಅದು ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ದಾರಿಗಳನ್ನೆಲ್ಲ ತಡೆಯುತ್ತದೆ, ಬೀಟಾ ಗ್ರಾಹಕವನ್ನೂ ಸ್ವಲ್ಪ ತಗ್ಗಿಸುತ್ತದೆ. ಅಡ್ರಿನಾಲಿನ್ ಎದುರು ಕ್ವಿನಿಡಿನ್‌ಗಿಂತ ಅದು ಹೆಚ್ಚು ತಾಳಿಕೊಳ್ಳುತ್ತದೆ. ಆದರೆ ನಾವು ಮರೆಯುವ ಒಂದು ಸಂಗತಿ ಇದೆ. ತಿಂಗಳುಗಟ್ಟಲೆ ಮಾತ್ರೆ ತಿಂದವರ ಮೈಯಲ್ಲಿರುವ ಅಮಿಯೊಡರೋನ್ ಬೇರೆ, ಅದೇ ರಾತ್ರಿ ನರಕ್ಕೆ ಚುಚ್ಚಿದ ಅಮಿಯೊಡರೋನ್ ಬೇರೆ. ಬಿಡುವಿನ ಅವಧಿಯನ್ನು ಹಿಗ್ಗಿಸುವ ಅದರ ಗುಣ ಪೂರ್ತಿ ಬರಲು ದಿನಗಳು, ವಾರಗಳು ಬೇಕು. ಮೊದಲ ಗಂಟೆಗಳಲ್ಲಿ ಅದಕ್ಕೆ ಅರ್ಧ ಬಲ. ಆ ಅರ್ಧ ಬಲದ ಎದುರು ನಾವು ಸಾಲ್ಬುಟಮಾಲ್, ಥಿಯೋಫಿಲಿನ್, ನೋವು, ಭಯ, ಕೊನೆಗೆ ಡೊಬುಟಮಿನ್ ಎಲ್ಲವನ್ನೂ ತಂದು ನಿಲ್ಲಿಸಿದ್ದೆವು. ಬಿಪಿ ಬಿದ್ದದ್ದರಲ್ಲೂ ಅಮಿಯೊಡರೋನ್ ಇಂಜೆಕ್ಷನ್‌ನ ಪಾಲಿತ್ತು. ಅದನ್ನು ಕರಗಿಸಿರುವ ದ್ರಾವಕವೇ ರಕ್ತನಾಳಗಳನ್ನು ಸಡಿಲಿಸುತ್ತದೆ. ಅದು ಹೃದಯ ಸೋತಿದ್ದರಿಂದಲೇ ಆದದ್ದೆಂದು ತಿಳಿದು ನಾನು ಡೊಬುಟಮಿನ್ ಹಾಕಿದ್ದೆ.

ಹನ್ನೆರಡರ ನಂತರ

ಡೊಬುಟಮಿನ್ ನಿಲ್ಲಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬಿಪಿ 90 ಇರುವವರ ಪಂಪ್ ನಿಲ್ಲಿಸಿ, ಹೃದಯವನ್ನು ಇನ್ನಷ್ಟು ನಿಧಾನಗೊಳಿಸುವ ಔಷಧ ಕೊಡಬೇಕು. ಕಲಿತದ್ದೆಲ್ಲ ಬೇಡ ಅನ್ನುತ್ತದೆ. ಅರಿವಳಿಕೆ ತಜ್ಞರನ್ನು ಮನೆಯಿಂದ ಕರೆಸಿದೆವು. ಅವರ ಪೆಟ್ಟಿಗೆಯಲ್ಲಿ ಫಿನೈಲ್‌ಎಫ್ರಿನ್ ಇತ್ತು, ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಬಿಪಿ ಬಿದ್ದರೆ ಬಳಸುವುದು. ಅದು ರಕ್ತನಾಳವನ್ನು ಬಿಗಿ ಮಾಡುತ್ತದೆ, ಬೀಟಾ ಗ್ರಾಹಕದ ತಂಟೆಗೆ ಹೆಚ್ಚು ಹೋಗುವುದಿಲ್ಲ. ಅದರ ಆಸರೆಯಲ್ಲಿ ಡೊಬುಟಮಿನ್ ತೆಗೆದೆವು, ಅಮಿಯೊಡರೋನ್ ವೇಗ ಅರ್ಧಕ್ಕೆ ಇಳಿಸಿದೆವು.

ಮುಂದಿನದು ನಿದ್ದೆ ಬರಿಸುವುದು. ಬಿಪಿ ಕಡಿಮೆ ಇರುವವರಿಗೆ ಉಸಿರಾಟದ ಟ್ಯೂಬ್ ಹಾಕುವಾಗ ಕೆಟಮಿನ್ ಎಲ್ಲರ ಮೆಚ್ಚಿನ ಔಷಧ, ಏಕೆಂದರೆ ಅದು ಬಿಪಿ ಬೀಳಿಸುವುದಿಲ್ಲ. ಬೀಳಿಸದಿರುವುದು ಮೈಯೊಳಗಿನ ಅಡ್ರಿನಾಲಿನ್ ಹೆಚ್ಚಿಸಿ. ಸಿರಿಂಜಿಗೆ ಎಳೆದಿದ್ದ ಕೆಟಮಿನ್ ಅನ್ನು ಅರಿವಳಿಕೆ ತಜ್ಞರು ಪಕ್ಕಕ್ಕಿಟ್ಟರು, ಎಟೊಮಿಡೇಟ್ ಕೊಟ್ಟು ಟ್ಯೂಬ್ ಹಾಕಿದರು. ನಂತರ ನೋವಿಗೆ ಫೆಂಟನಿಲ್, ನಿದ್ದೆಗೆ ಮಿಡಜೊಲಾಂ. ರೋಗಿಯ ಬೆರಳು ಕಂಬಿಯಿಂದ ಸಡಿಲವಾಯಿತು. ಐಸಿಡಿ ಮೇಲೆ ಮ್ಯಾಗ್ನೆಟ್ ಇಟ್ಟು ಅದು ತಾನಾಗಿ ಶಾಕ್ ಕೊಡದಂತೆ ಮಾಡಿ, ಹೊರಗಿನ ಡಿಫಿಬ್ರಿಲೇಟರಿನ ಪ್ಯಾಡ್ ಅಂಟಿಸಿ, ಒಬ್ಬರು ಪಕ್ಕದಲ್ಲೇ ನಿಂತೆವು. ಯಾರೂ ಕದಲದೆ ಕಾಯುವ ಏರ್ಪಾಡು ಇದ್ದರೆ ಮಾತ್ರ ಇದನ್ನು ಮಾಡಬೇಕು. ಇಲ್ಲದಿದ್ದರೆ ಐಸಿಡಿ ಕೆಲಸವನ್ನು ಐಸಿಡಿಗೇ ಬಿಡುವುದು ಕ್ಷೇಮ.

ಬೀಟಾ ಬ್ಲಾಕರ್ ಕೊಡುವಾಗ ದಮ್ಮಿನ ಅನುಮಾನ ಅಡ್ಡ ಬಂತು. ಎದೆಯ ಎಕ್ಸ್‌ರೇ ನೀರು ತುಂಬಿದ್ದನ್ನು ತೋರಿಸುತ್ತಿತ್ತು, ಹಿಂದೆ ಎಂದೂ ಆಸ್ತಮಾ ಇರಲಿಲ್ಲ. ಆದರೂ ಖಾತ್ರಿ ಎಲ್ಲಿ? ಹಾಗಾಗಿ ಮೊದಲು ಎಸ್ಮೊಲಾಲ್. ಅದರ ಅರ್ಧಾಯುಷ್ಯ ಒಂಬತ್ತು ನಿಮಿಷ. ಸಿಳ್ಳೆ ಜೋರಾದರೆ, ಬಿಪಿ ಕುಸಿದರೆ ಪಂಪ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಅದು ಇಲ್ಲವಾಗುತ್ತದೆ. ಹನ್ನೆರಡು ಐವತ್ತಕ್ಕೆ ಶುರು ಮಾಡಿದೆವು. ಸಿಳ್ಳೆ ಹೆಚ್ಚಾಗಲಿಲ್ಲ. ರೇಟ್ 112ರಿಂದ 84ಕ್ಕೆ ಇಳಿಯಿತು, ಬಿಪಿ 98ರಲ್ಲಿ ನಿಂತಿತು. ಎರಡು ಗಂಟೆಗೆ ಪ್ರೊಪ್ರನಲಾಲ್ 20 ಮಿಗ್ರಾಂ ಪುಡಿ ಮಾಡಿ ಮೂಗಿನ ಟ್ಯೂಬಿನಲ್ಲಿ ಕೊಟ್ಟೆವು, ಬೆಳಗಿನಿಂದ ಆರು ಗಂಟೆಗೊಮ್ಮೆ 40.

ಮೆಟೊಪ್ರೊಲಾಲ್ ಮೊದಲಿನಿಂದಲೂ ತಿನ್ನುತ್ತಿದ್ದವರಿಗೆ ಪ್ರೊಪ್ರನಲಾಲ್ ಯಾಕೆ ಎಂದು ಕಿರಿಯ ವೈದ್ಯರೊಬ್ಬರು ಕೇಳಿದರು. ಅದು ಬೀಟಾ ಒಂದು, ಎರಡು ಎರಡನ್ನೂ ತಡೆಯುತ್ತದೆ. ಸಾಲ್ಬುಟಮಾಲ್ ತಟ್ಟುವುದು ಎರಡನೆಯದನ್ನೇ. ಕೊಬ್ಬಿನಲ್ಲಿ ಕರಗುವುದರಿಂದ ಮಿದುಳಿಗೂ ಹೋಗಿ ಅಲ್ಲಿಂದ ಬರುವ ಪ್ರಚೋದನೆಯನ್ನು ತಗ್ಗಿಸುತ್ತದೆ. 2018ರಲ್ಲಿ ಪ್ರಕಟವಾದ ಗ್ರೀಸಿನ ಅಧ್ಯಯನವೊಂದರಲ್ಲಿ ಬಿರುಗಾಳಿಗೆ ಸಿಕ್ಕ 60 ಐಸಿಡಿ ರೋಗಿಗಳಿಗೆ ಅಮಿಯೊಡರೋನ್ ಜೊತೆ ಅರ್ಧ ಜನಕ್ಕೆ ಪ್ರೊಪ್ರನಲಾಲ್, ಅರ್ಧ ಜನಕ್ಕೆ ಮೆಟೊಪ್ರೊಲಾಲ್ ಕೊಟ್ಟಿದ್ದರು. ಇಪ್ಪತ್ನಾಲ್ಕು ಗಂಟೆಯ ಕೊನೆಗೆ ಬಿರುಗಾಳಿ ನಿಂತದ್ದು ಮೊದಲ ಗುಂಪಿನ 30ರಲ್ಲಿ 27 ಮಂದಿಗೆ, ಎರಡನೆಯದರಲ್ಲಿ 16 ಮಂದಿಗೆ. ಅದಕ್ಕೂ ಮೊದಲು, 2000ರಲ್ಲಿ, ಹೃದಯಾಘಾತದ ನಂತರ ಬಿರುಗಾಳಿ ಎದ್ದ 49 ರೋಗಿಗಳ ವರದಿ ಬಂದಿತ್ತು. ಅಡ್ರಿನಾಲಿನ್ ಪ್ರಭಾವವನ್ನು ತಡೆದ 27 ಜನರಲ್ಲಿ ಒಂದು ವಾರದಲ್ಲಿ ತೀರಿಕೊಂಡವರು 6. ಆ ಕಾಲದ ರೂಢಿಯ ಲಯದ ಔಷಧಗಳಿಂದ ಚಿಕಿತ್ಸೆ ಪಡೆದ 22 ಜನರಲ್ಲಿ 18. ರೋಗಿಗಳನ್ನು ಚೀಟಿ ಎತ್ತಿ ಹಂಚಿದ ಅಧ್ಯಯನ ಅದಲ್ಲ, ಹಾಗಾಗಿ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಆದರೂ ಅಷ್ಟು ದೊಡ್ಡ ಅಂತರವನ್ನು ಓದಿದ ಮೇಲೆ ನನಗೆ ಡೊಬುಟಮಿನ್ ಪಂಪ್ ಕಣ್ಣಮುಂದೆ ಬರುತ್ತದೆ.

ಬೆಳಗಿನ ಜಾವ ಐದೂ ಇಪ್ಪತ್ತಕ್ಕೆ ಮತ್ತೊಂದು ವಿಟಿ. ಹೊರಗಿನಿಂದ ಒಂದು ಶಾಕ್, ಸರಿಹೋಯಿತು. ಆದರೆ ಪೂರ್ತಿ ಹಿಡಿತಕ್ಕೆ ಬಂದಿಲ್ಲ ಎಂಬುದು ಖಚಿತವಾಯಿತು. ಆರೂವರೆಗೆ ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ಹಿಡಿದು ಕುತ್ತಿಗೆಯ ಎಡಭಾಗದ ಸ್ಟೆಲೇಟ್ ಗ್ಯಾಂಗ್ಲಿಯಾನ್ ಸುತ್ತ ನರ ಮರಗಟ್ಟಿಸುವ ಬುಪಿವಕೇನ್ ಚುಚ್ಚಿದರು. ಹೃದಯಕ್ಕೆ ಪ್ರಚೋದನೆ ಒಯ್ಯುವ ನರಗಳ ಜಂಕ್ಷನ್ ಅದು. ರಕ್ತಕ್ಕೆ ಸೇರುವ ಅಡ್ರಿನಾಲಿನ್ ಒಂದು ದಾರಿ, ನರದ ತುದಿಯಿಂದ ನೇರ ಹೃದಯಸ್ನಾಯುವಿಗೆ ಬೀಳುವುದು ಇನ್ನೊಂದು ದಾರಿ. ಈ ಚುಚ್ಚುಮದ್ದು ಎರಡನೆಯದನ್ನು ಕಟ್ಟುತ್ತದೆ.

ಏಳೂವರೆಗೆ ಪಾಳಿ ಬದಲಾಯಿತು. ಹೊಸದಾಗಿ ಬಂದ ಸಿಸ್ಟರ್ ಟಾರ್ಚ್ ಬಿಟ್ಟು ನೋಡಿ ಓಡಿಬಂದರು: ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಸಣ್ಣದಾಗಿದೆ, ರೆಪ್ಪೆಯೂ ಇಳಿದಿದೆ, ಸ್ಟ್ರೋಕ್ ಇರಬಹುದು. ಸಿಟಿ ಸ್ಕ್ಯಾನಿಗೆ ಫಾರಂ ತುಂಬಿಯೂ ಆಗಿತ್ತು. ಅದು ಚುಚ್ಚುಮದ್ದು ಆ ನರಗಳಿಗೆ ತಲುಪಿದ ಗುರುತು. ಕೇಸ್ ಶೀಟಿನಲ್ಲಿ "ಎಡ ಪಾಪೆ ಸಣ್ಣದಾಗಬಹುದು, ಗಾಬರಿ ಬೇಡ" ಎಂದು ಒಂದು ಸಾಲು ನಾವು ಬರೆದಿರಬೇಕಿತ್ತು. ಹೊರಗೆ ಕೂತಿದ್ದ ಅವರ ಹೆಂಡತಿಗೆ ಮೊದಲೇ ಹೇಳಬೇಕಿತ್ತು. ಇದನ್ನು ಕೇಳಿ ಅವರು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಿದ್ದರು.

ಆಮೇಲೆ

ಆ ಚುಚ್ಚುಮದ್ದಿನ ನಂತರ ವಿಟಿ ಬರಲಿಲ್ಲ. ಪೊಟ್ಯಾಸಿಯಂ 4.5ಕ್ಕೆ ತಂದೆವು. ನೀರು ಇಳಿದ ಹಾಗೆ ಎದೆಯ ಸಿಳ್ಳೆ ತಾನೇ ಹೋಯಿತು, ಬೀಟಾ ಬ್ಲಾಕರ್ ಮೈಯಲ್ಲಿ ಇದ್ದಾಗಲೇ. ಮೂರನೇ ದಿನ ಟ್ಯೂಬ್ ತೆಗೆದೆವು. ಎಚ್ಚರವಾಗುವ ಹೊತ್ತು ಕೂಡ ಅಡ್ರಿನಾಲಿನ್ ಏರುವ ಹೊತ್ತೇ. ಅದಕ್ಕೇ ಅವರ ಮಂಚವನ್ನು ಮೂಲೆಗೆ ಸರಿಸಿ, ಮಾನಿಟರಿನ ಮುಖವನ್ನು ಅವರಿಗೆ ಕಾಣದಂತೆ ತಿರುಗಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿದೆವು. ಐದನೇ ದಿನ ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಕಲೆಯ ಅಂಚಿನ ಎಳೆಗಳನ್ನು ಕ್ಯಾತಿಟರಿನಿಂದ ಸುಟ್ಟು ಅಬ್ಲೇಷನ್ ಮಾಡಿದರು.

ನಮ್ಮ ಐಸಿಯುವಿನಲ್ಲಿ ಈಗ ಐಸಿಡಿ ಶಾಕ್ ಆಗಿ ಬಂದವರಿಗೆ ಅಮಿಯೊಡರೋನ್ ತುಂಬುವ ಮೊದಲೇ ಒಬ್ಬರು ಮನೆಯ ಮಾತ್ರೆಗಳ ಚೀಲವನ್ನು ಬೆಡ್ಡಿನ ಮೇಲೆ ಸುರಿದು ಒಂದೊಂದೂ ಸ್ಟ್ರಿಪ್ ಓದುತ್ತಾರೆ. ಬೀಟಾ ಬ್ಲಾಕರ್ ನಿಂತಿದೆಯೇ, ಸಾಲ್ಬುಟಮಾಲ್, ಥಿಯೋಫಿಲಿನ್ ಇದೆಯೇ, ಮೂಗು ಕಟ್ಟಿದ್ದಕ್ಕೆ ಶೀತದ ಮಾತ್ರೆ ನುಂಗಿದ್ದಾರೆಯೇ ಎಂದು. ಎರಡನೇ ಶಾಕ್ ಆಗುವ ಮುಂಚೆ ನಿದ್ದೆಯ ಔಷಧದ ಮಾತು ಎತ್ತುತ್ತೇವೆ. ಡೊಬುಟಮಿನ್ ಬೇಕೇಬೇಕು ಅನ್ನಿಸಿದರೆ ಇನ್ನೊಬ್ಬ ವೈದ್ಯರು ಒಪ್ಪಬೇಕು.

ಐದು ತಿಂಗಳ ನಂತರ ಅವರು ತಪಾಸಣೆಗೆ ಬಂದರು. ಅಮಿಯೊಡರೋನ್ ಕಡಿಮೆ ಪ್ರಮಾಣದಲ್ಲಿ ಮುಂದುವರಿದಿತ್ತು, ಬೀಟಾ ಬ್ಲಾಕರ್ ಒಂದು ದಿನವೂ ತಪ್ಪಿರಲಿಲ್ಲ. ಐಸಿಡಿಯ ದಾಖಲೆ ತೆಗೆದಾಗ ಒಂದೇ ಒಂದು ವಿಟಿ ಸಿಕ್ಕಿತು: ರಾತ್ರಿ ಎರಡೂ ಹತ್ತಕ್ಕೆ, ಹನ್ನೊಂದು ಸೆಕೆಂಡು, ಶಾಕ್ ಇಲ್ಲದೆ ಪೇಸಿಂಗ್‌ನಲ್ಲೇ ನಿಂತಿತ್ತು. ದಿನಾಂಕ ಓದಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ ಹೆಂಡತಿಯ ಕಡೆ ನೋಡಿದರು. "ಅವತ್ತೇ ಅಲ್ವೇನೇ ತೋಟಕ್ಕೆ ಕಾಡುಕೋಣ ನುಗ್ಗಿದ್ದು?" ಎಂದರು. "ಹೂಂ, ಬೇಡ ಅಂದ್ರೂ ದೊಂದಿ ಹಿಡ್ಕೊಂಡು ಓಡಿದ್ರಲ್ಲ," ಎಂದರು ಆಕೆ.